ಬೋರಲು ಹಾಕದ ಕುರ್ಚಿ

"ಇಷ್ಟು ಚಾ ಯಾರಿಗೆ, ಚಾಚಿ?"

ಕೇಳಿದ ಮೇಲೆ ಜಬೀನಳಿಗೆ ಕೇಳಬಾರದಿತ್ತು ಅನಿಸಿತು. ಒಲೆಯ ಮೇಲೆ ಮದುವೆ ಮನೆಯ ಅಳತೆಯ ಪಾತ್ರೆ. ಅದರ ತುಂಬ ಕಪ್ಪು ಚಹಾ ಕುದಿಯುತ್ತಿತ್ತು. ಹಾಲಿರಲಿಲ್ಲ, ಸಕ್ಕರೆಯ ಡಬ್ಬಿ ಹತ್ತಿರದಲ್ಲಿರಲಿಲ್ಲ.

"ಕುಡ್ಯಾಕಲ್ಲ." ರಾಜಮಾ ತಿರುಗಿ ನೋಡಲಿಲ್ಲ. "ನೂಲಿಗೆ ಬಣ್ಣ ಹಾಕಾಕ."

ಬೆಳಗಿನ ಹತ್ತು ಗಂಟೆ. ಗಜೇಂದ್ರಗಡದ ಆ ಓಣಿಯಲ್ಲಿ ಎಡಕ್ಕೆ, ಬಲಕ್ಕೆ, ಎದುರಿಗೆ ಎಲ್ಲ ಮನೆಗಳಿಂದ ಮಗ್ಗದ ಸದ್ದು ಬರುತ್ತಿತ್ತು. ಈ ಮನೆಯೊಂದರಿಂದ ಬರುತ್ತಿರಲಿಲ್ಲ. ಪಡಸಾಲೆಯ ಕುಣಿಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಬಿಗಿದು ನಿಂತಿತ್ತು. ಹಾಸಿನ ನೂಲಿನ ಮೇಲೆ ಧೂಳು ಕೂತಿತ್ತು.

ಜಬೀನ ಹೊಸ್ತಿಲ ಹೊರಗೇ ನಿಂತಿದ್ದಳು. ಹದಿನೈದು ದಿನದ ಹಿಂದೆ ಈ ಮನೆಯ ಯಜಮಾನ, ರಾಜಮಾಳ ಗಂಡ ಮೌಲಾಸಾಬರ ವಿರುದ್ಧ ಎರಡು ಪುಟದ ವರದಿ ಬರೆದು ಸಹಿ ಮಾಡಿದವಳು ಅವಳೇ.

ವಿಮಾ ಕಂಪನಿಗಳಿಗೆ, ಕೋರ್ಟಿಗೆ ಹಳೆಯ ಸಾಮಾನಿನ ವಯಸ್ಸು ಮತ್ತು ಬೆಲೆ ಗೊತ್ತುಮಾಡಿ ಕೊಡುವುದು, ನಕಲು ಹಿಡಿಯುವುದು ಅವಳ ವೃತ್ತಿ. ನರಗುಂದದ ಹತ್ತಿ ವ್ಯಾಪಾರಿ ಕುತುಬುದ್ದೀನನ ಮನೆಯ ಬೀಟೆ ಮರದ ಕುರ್ಚಿಗೆ ನಾಲ್ಕೂವರೆ ಲಕ್ಷದ ವಿಮೆ ಇತ್ತು. ಎರಡು ತಿಂಗಳ ಹಿಂದೆ ಅದು ಬೆತ್ತ ಹೆಣೆಸಲು ಗಜೇಂದ್ರಗಡಕ್ಕೆ ಬಂದು, ಬಡಿಗ ಮೌಲಾಸಾಬರ ಕೈಯಲ್ಲಿ ಹನ್ನೊಂದು ದಿನ ಇದ್ದು, ವಾಪಸು ಹೋಗಿತ್ತು. ತಿರುಗಿ ಬಂದದ್ದು ಅಸಲಿ ಅಲ್ಲ ಎಂದು ಕುತುಬುದ್ದೀನ ದೂರು ಕೊಟ್ಟ. ಅಲ್ಲ ಎಂದು ಜಬೀನಳೂ ಬರೆದಳು. "ಮನೆಯಲ್ಲಿರುವುದು ಇತ್ತೀಚೆಗೆ ತಯಾರಾದ ನಕಲು. ಇದರ ಬೆಲೆ ಹದಿನೆಂಟು ಸಾವಿರ ಮೀರದು. ಜೋಡಣೆಯ ಗುರುತು ಹಾಕಿದವರು ಎಡಗೈಯವರು."

ಆರು ವರ್ಷದ ಹಿಂದೆ ಗರಗಸಕ್ಕೆ ಸಿಕ್ಕು ಮೌಲಾಸಾಬರ ಬಲಗೈಯ ಎರಡು ಬೆರಳು ಹೋಗಿದ್ದವು. ಅಂದಿನಿಂದ ಅವರು ಉಳಿ ಹಿಡಿಯುವುದು ಎಡಗೈಯಲ್ಲಿ. ಪೊಲೀಸರಿಗೆ ಇನ್ನೇನೂ ಬೇಕಾಗಲಿಲ್ಲ. ಇವತ್ತು ಸಂಜೆ ಐದಕ್ಕೆ ಮೌಲಾಸಾಬರು ನರಗುಂದಕ್ಕೆ ಹೋಗಿ ಠಾಣೆಗೆ ಹಾಜರಾಗಬೇಕು. ಹೋದರೆ ತಿರುಗಿ ಬರುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು.

ಆ ಮೌಲಾಸಾಬರೇ ಜಬೀನಳಿಗೆ ಈ ವಿದ್ಯೆ ಕಲಿಸಿದ ಉಸ್ತಾದ.

"ಒಳಗ ಬಾ ಅನ್ನಾಂಗಿಲ್ಲ," ಎಂದಳು ರಾಜಮಾ. "ಸಿಟ್ಟಿಗಲ್ಲ. ಕುಂದರಾಕ ಏನೂ ಇಲ್ಲ. ಬಡಿಗ್ಯಾನ ಮನ್ಯಾಗ ಕುರ್ಚಿ ಇರಾಂಗಿಲ್ಲ, ನೇಕಾರನ ಮನ್ಯಾಗ ಸೀರಿ ಇರಾಂಗಿಲ್ಲ. ನಮ್ಮ ಮನ್ಯಾಗ ಎರಡೂ ಇಲ್ಲ."

ಮೊದಲಾಗಿದ್ದರೆ ಜಬೀನ ನಗುತ್ತಿದ್ದಳು. ಪಡಸಾಲೆಯ ಮೂಲೆ ಬರಿದಾಗಿರುವುದು ಆಗ ಕಣ್ಣಿಗೆ ಬಿತ್ತು. ಅಲ್ಲಿ ದೊಡ್ಡ ಕಾಲುಗಳ, ಬೀಟೆ ಮರದ ಹಳೆಯ ಮಂಚವೊಂದು ಇರುತ್ತಿತ್ತು. ಚಿಕ್ಕವಳಿದ್ದಾಗ ಮಧ್ಯಾಹ್ನ ಅದರ ಕೆಳಗೆ ಮಲಗಿದ್ದು ನೆನಪಿತ್ತು.

"ಮಂಚ ಎಲ್ಲಿ ಚಾಚಿ?"

"ತಗಣಿ ಬಿದ್ದಿದ್ವು. ಹೊರಗ ಹಾಕಿದ್ವಿ."

"ಉಸ್ತಾದ?"

"ನಮಾಜಿಗೆ ಹೋಗ್ಯಾರ."

ಹತ್ತು ಗಂಟೆಗೆ ಯಾವ ನಮಾಜು ಎಂದು ಕೇಳಲು ಜಬೀನಳಿಗೆ ಬಾಯಿ ಬರಲಿಲ್ಲ. ಸುಳ್ಳು ಹಿಡಿಯುವುದು ಅವಳ ಹೊಟ್ಟೆಪಾಡು. ಈ ಮನೆಯಲ್ಲಿ ಮಾತ್ರ ಅವಳ ಕಣ್ಣು ನೆಲ ಬಿಟ್ಟು ಮೇಲೇಳುತ್ತಿರಲಿಲ್ಲ. ಕಿಟಕಿಯಲ್ಲಿ ಒಂದು ಗಾಜಿನ ಭರಣಿ, ಅದರಲ್ಲಿ ಹುಳಿನೀರು ಸಿರ್ಕಾ, ಸಿರ್ಕಾದ ತಳದಲ್ಲಿ ತುಕ್ಕು ಹಿಡಿದ ಮೊಳೆ. ಅದನ್ನೂ ನೋಡಿದಳು, ದೃಷ್ಟಿ ತೆಗೆದಳು.

ರಾಜಮಾ ನೀರಿನ ಲೋಟ ಚಾಚಿದಳು. ಜಬೀನಳ ಎಡಗೈ ಮುಂದಾಯಿತು. ತಟ್ಟನೆ ಹಿಂದೆಳೆದು ಬಲಗೈಯಲ್ಲಿ ತೆಗೆದುಕೊಂಡಳು.

"ಇನ್ನೂ ಹೋಗಿಲ್ಲ ನಿನ್ನ ಚಟ."

"ಚಾಚಿ, ಒಂದ ಮಾತು ಹೇಳಾಕ ಬಂದೀನಿ. ಉಸ್ತಾದಗೆ ತಿಳಿಸಿ ಹೇಳ್ರಿ. ಅಸಲಿ ಕುರ್ಚಿ ಎಲ್ಲೈತಿ ಅಂತ ಹೇಳಿಬಿಟ್ರ ಸಾಕು. ಉಳಿದದ್ದು ನಾ ನೋಡ್ಕೋತೀನಿ. ಕಂಪನಿಯವರು ಎಳದಾಡಾಂಗಿಲ್ಲ, ಕೇಸು ಸಣ್ಣದಾಗತೈತಿ."

"ಹೋದ ವಾರ ಫೋನಿನ್ಯಾಗೂ ಇದನ್ನ ಹೇಳಿದ್ದಿ."

"ಹೌದು."

"ಅವ್ರು ಕೇಳಿಸ್ಕೊಂಡಾರ. ಚಲೋ ಕೇಳಿಸ್ಕೊಂಡಾರ." ರಾಜಮಾ ಮೊದಲ ಸಲ ಅವಳ ಮುಖ ನೋಡಿದಳು. "ಈಗ ನಾ ಒಂದು ಕೇಳ್ತೀನಿ. ಕೇಳಬ್ಯಾಡ ಅಂದಾರ ಅವ್ರು. ದೇವರಾಣಿ ಹಾಕಿ ಹೇಳ್ಯಾರ, ಆ ಹುಡುಗಿಗೆ ಇದೊಂದು ಮಾತ್ರ ಕೇಳಬ್ಯಾಡ ಅಂತ. ಆದ್ರೂ ಕೇಳ್ತೀನಿ."

"ಕೇಳ್ರಿ."

"ಆ ಕುರ್ಚಿ ಬೋರಲ ಹಾಕಿ ನೋಡಿದೇನು?"

ಜಬೀನ ಲೋಟವನ್ನು ಹೊಸ್ತಿಲ ಮೇಲಿಟ್ಟು ಬಸ್ ನಿಲ್ದಾಣದ ಕಡೆ ತಿರುಗಿದಳು.

* * *

ನೋಡಿರಲಿಲ್ಲ.

ಬಸ್ಸು ರೋಣ ದಾಟಿ ನರಗುಂದದ ದಾರಿ ಹಿಡಿಯುವವರೆಗೂ ಅದೊಂದೇ ಮಾತು ತಲೆಯಲ್ಲಿತ್ತು. ಎರಡೂ ಕಡೆ ಕಪ್ಪು ಹೊಲ. ಪಕ್ಕದಲ್ಲಿ ಕೂತ ಹೆಂಗಸು ಶೇಂಗಾ ಸುಲಿದು ಕೊಟ್ಟರೂ ಜಬೀನ ಕೈ ಚಾಚಲಿಲ್ಲ.

ಮೌಲಾಸಾಬರ ಅಂಗಡಿಯಲ್ಲಿ ಮೊದಲ ದಿನದ ಪಾಠವೇ ಅದು. ಕುರ್ಚಿಯ ಮೇಲ್ಮೈ ಮದುವೆಗೆ ಹೊರಟ ಮುಖ, ಎಲ್ಲರೂ ಸಿಂಗರಿಸುತ್ತಾರೆ. ಹೊಟ್ಟೆಯಡಿ ಯಾರೂ ಸಿಂಗರಿಸುವುದಿಲ್ಲ. ವಯಸ್ಸು ಇರುವುದು ಅಲ್ಲಿ. ಬೋರಲು ಹಾಕದೆ ಬೆಲೆ ಹೇಳಿದವನು ಬಡಿಗನೂ ಅಲ್ಲ, ವ್ಯಾಪಾರಿಯೂ ಅಲ್ಲ, ಗಿಣಿಶಾಸ್ತ್ರದವನು.

ಅವಳು ಯಾಕೆ ಹಾಕಿರಲಿಲ್ಲ? ಕುತುಬುದ್ದೀನ ಬೇಡ ಎಂದಿದ್ದ. "ನಮ್ಮ ಮನ್ಯಾಗ ಯಜಮಾನನ ಕುರ್ಚಿ ಬೋರಲ ಹಾಕೋದು ಒಂದ ದಿನಾರಿ ಮೇಡಂ. ಯಜಮಾನನ ಮಯ್ಯತ್ ಹೊರಗ ಹೊಂಟ ದಿನ. ನಮ್ಮಪ್ಪ ಹೋದ ದಿನ ಹಾಕಿದ್ವಿ. ಇನ್ನ ನನ್ನ ಸಲುವಾಗಿ ಹಾಕಬೇಕು. ಅಷ್ಟು ಅವಸರ ಐತೇನ್ರಿ ನಿಮಗ?"

ಅವಳು ನಾಚಿದ್ದಳು. ಮನೆಯವರ ನಂಬಿಕೆ, ಹೆಂಗಸಾಗಿ ತಾನು ಮುರಿಯಬಾರದು ಅನಿಸಿತ್ತು. ಕುರ್ಚಿಯ ಹಿಂಬದಿ ಗೋಡೆಗೆ ಒತ್ತಿತ್ತು, ಮೈಮೇಲೆ ಗಲೀಫು ಹೊದಿಸಿತ್ತು. ಕುತುಬುದ್ದೀನ ಆ ಬಟ್ಟೆಯ ಮುಂದಿನ ಅಂಚನ್ನಷ್ಟೇ ಎತ್ತಿ ಹಿಡಿದಿದ್ದ. ಅವಳು ಮೊಣಕಾಲೂರಿ ಕೈ ಒಳಗೆ ಹಾಕಿ, ಕೂರುವ ಜಾಗದ ಮುಂದಿನ ಪಟ್ಟಿಯ ತಳವನ್ನು ಬೆರಳಿಂದ ಸವರಿದ್ದಳು. ಬಿಲ್ಲಿನ ಹಾಗೆ ಬಾಗಿದ ಗೀರುಗಳು. ಅವು ಕಟ್ಟಿಗೆ ಗಿರಣಿಯ ಚಕ್ರಗರಗಸದ ಗೀರು. ಮರವೂ ಹಸಿ ಬಣ್ಣದ್ದು. ಕನ್ನಡಿ ಹಿಡಿದು ಒಂದು ಕಾಲಿನ ಜೋಡಣೆಯ ಗುರುತಿನ ಫೋಟೊ ತೆಗೆದಿದ್ದಳು.

ಒಂದು ಪಟ್ಟಿ ನೋಡಿ ಇಡೀ ಕುರ್ಚಿಯ ಹಣೆಬರಹ ಬರೆದಿದ್ದಳು. ಒಂದು ಹಲ್ಲು ಕಟ್ಟಿಸಿಕೊಂಡವನನ್ನು ನೋಡಿ, ಬಾಯಲ್ಲಿ ಒಂದೂ ಸ್ವಂತ ಹಲ್ಲಿಲ್ಲ ಎಂದ ಹಾಗೆ.

ನರಗುಂದದಲ್ಲಿ ಇಳಿದಾಗ ಮೂರಕ್ಕೆ ಹತ್ತು ನಿಮಿಷ ಇತ್ತು.

* * *

"ಮತ್ತ ಯಾಕ ತ್ರಾಸು ತಗೊಂಡ್ರಿ ಮೇಡಂ? ಫೋನ್ ಮಾಡಿದ್ರ ಸಾಕಿತ್ತು." ಕುತುಬುದ್ದೀನ ಎದ್ದು ನಿಂತು ಸಲಾಮು ಹೇಳಿದ. ನಲವತ್ತರ ಆಸುಪಾಸಿನ, ಅಗಲ ಹೆಗಲಿನ ಮನುಷ್ಯ. ಮಾತು ಯಾವಾಗಲೂ ಮೆತ್ತಗೆ. "ಚಾ ತರಸ್ಲೇನು?"

"ಬ್ಯಾಡ್ರಿ. ಕುರ್ಚಿ ಬೋರಲ ಹಾಕಿ ನೋಡಬೇಕು."

"ಹೇಳಿದ್ನೆಲ್ರಿ, ನಮ್ಮ ಮನಿತನದಾಗ..."

"ಯಜಮಾನನ ಕುರ್ಚಿ ಹಾಕಬಾರದು. ಗೊತ್ತೈತ್ರಿ." ಜಬೀನ ಚೀಲದಿಂದ ಕ್ಯಾಲಿಪರ್, ಟಾರ್ಚು, ಭೂತಗನ್ನಡಿ ತೆಗೆದು ಚಾಪೆಯ ಮೇಲಿಟ್ಟಳು. "ಆದ್ರ ಇದು ಯಜಮಾನನ ಕುರ್ಚಿ ಅಲ್ಲಲ್ರಿ. ನಕಲು. ನೀವು ಹಂಗ ದೂರು ಕೊಟ್ಟೀರಿ, ನಾ ಹಂಗ ಬರದೀನಿ. ಹದಿನೆಂಟು ಸಾವಿರದ ನಕಲು ಬೋರಲ ಬಿದ್ರ ಯಾವ ಮನಿತನ ಬೋರಲಾಗತೈತಿ, ಹೇಳ್ರಿ ನೋಡೂಣು?"

ಕುತುಬುದ್ದೀನ ಕುರ್ಚಿಯ ಕಡೆ ನೋಡಿದ.

ಬೇಡ ಎಂದರೆ ಕುರ್ಚಿ ಅಸಲಿ ಎಂದ ಹಾಗೆ. ಹೂಂ ಎಂದರೆ ಅವಳು ನೋಡುತ್ತಾಳೆ. ಅವನು ಗಡ್ಡ ಸವರಿಕೊಂಡ.

"ಹಾಕ್ರಿ," ಎಂದ. ಆಶ್ಚರ್ಯವೆಂದರೆ ದನಿಯಲ್ಲಿ ಹೆದರಿಕೆ ಇರಲಿಲ್ಲ.

ಗಲೀಫು ತೆಗೆದು, ಚಾಪೆಯ ಮೇಲೆ ಕುರ್ಚಿಯನ್ನು ಮೆಲ್ಲಗೆ ಬೋರಲು ಹಾಕಿದಳು. ನಾಲ್ಕು ಕಾಲು ಮೇಲಕ್ಕೆದ್ದವು.

ಮೊದಲು ವಾಸನೆ. ಹೊಸ ಬಣ್ಣದ ಹುಳಿ ವಾಸನೆ ಇರಲಿಲ್ಲ. ಒಣಗಿದ ಮರದ, ಹಳೆಯ ಧೂಳಿನ ವಾಸನೆ.

ಆಮೇಲೆ ಕಾಲು. ತಿರುಗಣಿಯಲ್ಲಿ ಕಡಚಲು ಹಿಡಿದ ದುಂಡು ಕಾಲು ಹೊಸದಿದ್ದಾಗ ಪೂರ್ತಿ ದುಂಡಗೇ ಇರುತ್ತದೆ. ನೂರಾರು ಬೇಸಿಗೆ ಕಳೆದ ಮೇಲೆ ಮರ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರ ಬರುತ್ತದೆ. ಕ್ಯಾಲಿಪರ್ ಹಿಡಿದಳು. ಒಂದು ಕಡೆ ಐವತ್ತೆರಡು ಮಿಲಿಮೀಟರ್. ಅಡ್ಡ ತಿರುಗಿಸಿ ಹಿಡಿದಳು. ಐವತ್ತೂವರೆ. ನಾಲ್ಕೂ ಕಾಲು ಹಾಗೇ.

ಹಿಂದಿನ ಪಟ್ಟಿಯ ತಳದಲ್ಲಿ ಗೀರುಗಳು ನೆಟ್ಟಗಿದ್ದವು, ಒಂದಕ್ಕೊಂದು ಅಂತರ ಏರುಪೇರು. ಇಬ್ಬರು ಆಳು ಮೇಲೊಬ್ಬ ಕೆಳಗೊಬ್ಬ ನಿಂತು ಎಳೆದ ಗರಗಸದವು. ಮೂಲೆಯ ಒಂದು ತಿರುಪುಮೊಳೆಯನ್ನು ಬಿಚ್ಚಿದಳು. ತಲೆಯ ಸೀಳು ನಟ್ಟನಡುವೆ ಇರಲಿಲ್ಲ, ಕೈಯಿಂದ ಅರದಲ್ಲಿ ಕೊರೆದದ್ದು. ತುದಿ ಚೂಪಿರಲಿಲ್ಲ, ಮೊಂಡು. ಚೂಪು ತುದಿಯ ಗಿರಣಿ ತಿರುಪು ಬರುವುದಕ್ಕಿಂತ ಮೊದಲಿನದು. ಬೆತ್ತ ಹೊಸದೇ, ಆದರೆ ಬೆತ್ತ ಹಾಯುವ ತೂತುಗಳ ಅಂಚು ಹತ್ತಾರು ಸಲ ಹೆಣೆದು ಸವೆದು ನುಣ್ಣಗಾಗಿತ್ತು.

ನೂರ ಎಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ. ಮುಂದಿನ ಪಟ್ಟಿಯೊಂದನ್ನು ಬಿಟ್ಟು.

ಕುರ್ಚಿ ಬದಲಾಗಿರಲಿಲ್ಲ. ಕಳುವೇ ಆಗಿರಲಿಲ್ಲ. ಹಾಗಾದರೆ ಕಳ್ಳನೂ ಇಲ್ಲ.

ಬೆಳಿಗ್ಗೆ ಆ ಹೊಸ್ತಿಲಲ್ಲಿ ನಿಂತು, 'ಅಸಲಿ ಕುರ್ಚಿ ಎಲ್ಲೈತಿ ಅಂತ ಹೇಳಿಬಿಟ್ರ ಸಾಕು' ಎಂದಿದ್ದಳು. ದೊಡ್ಡ ಮನಸ್ಸು ಮಾಡಿ ಕ್ಷಮಿಸುವವಳ ಹಾಗೆ.

ಟಾರ್ಚನ್ನು ಮುಂದಿನ ಪಟ್ಟಿಗೆ ತಿರುಗಿಸಿದಳು. ಚಕ್ರಗರಗಸದ ಬಾಗಿದ ಗೀರು ಅಲ್ಲೇ ಇತ್ತು. ಮರ ಹಸಿಯಾಗಿ ಕಂಡದ್ದೂ ನಿಜ. ಆದರೆ ಹಸಿ ಬಣ್ಣ ಪಟ್ಟಿಯ ಅಗಲಕ್ಕೆಲ್ಲ ಇರಲಿಲ್ಲ. ಮುಂದಿನಿಂದ ಎರಡು ಬೆರಳಿನಷ್ಟು ದೂರ ಮಾತ್ರ. ಅಲ್ಲಿಂದಾಚೆ ವರ್ಷಗಟ್ಟಲೆಯ ಕೊಳೆ ಕಪ್ಪಾಗಿ ಹೆಪ್ಪುಗಟ್ಟಿತ್ತು.

ಮುಂದೆ ಕೂತವರ ಬೆರಳು ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ್ದರು. ಈಚೆಗೆ. ಮೂಲೆಯಲ್ಲಿ ಮರದ ಪುಡಿ ಇನ್ನೂ ಇತ್ತು.

"ಇದನ್ನ ಉಜ್ಜಿದವರು ಯಾರ್ರಿ?" ತಲೆ ಎತ್ತದೆ ಕೇಳಿದಳು.

"ಮೊದ್ಲ ಪೂರಾ ನೋಡ್ರಿ ಮೇಡಂ. ಅರ್ಧ ನೋಡಿ ಮಾತಾಡೋ ರೂಢಿ ಬಿಡ್ರಿ."

ಅವಳು ಜೋಡಣೆಯ ಗುರುತು ನೋಡಿದಳು.

ಕುರ್ಚಿ ಬಿಚ್ಚುವಾಗ ಯಾವ ತುದಿ ಯಾವ ಕಾಲಿಗೆ ಎಂದು ತಪ್ಪದಿರಲು ಬಡಿಗರು ಉಳಿಯಿಂದ ಗೀಟು ಹಾಕುತ್ತಾರೆ. ಒಂದನೇ ಜೋಡಣೆಗೆ ಒಂದು, ಎರಡನೆಯದಕ್ಕೆ ಎರಡು. ಮೌಲಾಸಾಬರ ಅಂಗಡಿಯಲ್ಲಿ ಎಣಿಕೆ ಬಲಗಾಲಿನಿಂದ ಶುರು. ಮಸೀದಿಯೊಳಗೆ ಬಲಗಾಲಿಟ್ಟು ಹೋಗುವ ಹಾಗೆ, ಕುರ್ಚಿಗೂ ಬಲಗಾಲಿಂದ ಬಿಸ್ಮಿಲ್ಲಾ. ನಲವತ್ತು ವರ್ಷದಲ್ಲಿ ಅವರು ಒಂದು ಸಲವೂ ತಪ್ಪಿಸಿದವರಲ್ಲ. ಬೆರಳು ಹೋದ ಮೇಲೂ, ಉಳಿ ಎಡಗೈಗೆ ಬಂದ ಮೇಲೂ, ಎಣಿಕೆ ಬಲಕ್ಕೇ.

ಇಲ್ಲಿ ಎಡಗಾಲಿಗೆ ಒಂದು ಗೀಟು. ಬಲಗಾಲಿಗೆ ಎರಡು. ಮೂರೂ ಎಡಕ್ಕೆ ವಾಲಿದ್ದವು, ಎಡಗೈಯ ಉಳಿ ಬಿದ್ದ ಹಾಗೆ.

ಅಂದು ಅವಳು ನೋಡಿದ್ದು ಒಂದು ಕಾಲು ಮಾತ್ರ.

ಜಬೀನ ಟಾರ್ಚು ಆರಿಸಿದಳು. ಮತ್ತೆ ಹಚ್ಚಿದಳು. ಗೀಟು ಬದಲಾಗಲಿಲ್ಲ.

ಆ ಅಂಗಡಿಯಲ್ಲಿ ಎಣಿಕೆಯನ್ನು ಎಡಗಾಲಿಂದ ಶುರು ಮಾಡಿ ಬೈಸಿಕೊಂಡವರು ಒಬ್ಬರೇ. ಹದಿಮೂರು ವರ್ಷದ ಹುಡುಗಿ. ಇಪ್ಪತ್ನಾಲ್ಕು ವರ್ಷದ ಹಿಂದಿನ ಬೇಸಿಗೆ ರಜೆ. ತುಂಡುತುಂಡಾಗಿ ಗೋಣಿಚೀಲದಲ್ಲಿ ಬಂದ ಯಾರದೋ ಕುರ್ಚಿ. ಹಳೆಯ ಪಟ್ಟಿಯ ತುದಿಯಲ್ಲಿ ಹುಳ ತಿಂದಷ್ಟನ್ನು ಕೆರೆದು ತೆಗೆ ಎಂದಿದ್ದರು ಉಸ್ತಾದ. ಅವಳು ಕೆರೆಯಲಿಲ್ಲ, ಜಾಣತನ ಮಾಡಿ ಗರಗಸ ಹಿಡಿದಳು. ಕಾಲಿನ ತೂತಿನೊಳಗೆ ಕೂರುವ ನಾಲಿಗೆಯನ್ನೇ ಕೊಯ್ದುಹಾಕಿದಳು. ಪಟ್ಟಿ ಒಂದು ಬೆರಳು ಗಿಡ್ಡವಾಯಿತು.

ಉಸ್ತಾದ ಹೊಡೆಯಲಿಲ್ಲ. ಗಿರಣಿಯಿಂದ ಬೀಟೆಯ ಹಲಗೆ ತಂದುಕೊಟ್ಟು, "ನೀ ಕೆಡಿಸಿದ್ದು ನೀನ ಮಾಡು" ಎಂದರು. ಅಳುತ್ತಲೇ ಮಾಡಿದಳು. ಮೇಲ್ಮೈಗೆ ರಂದಾ ಹೊಡೆದು ನುಣ್ಣಗೆ ಮಾಡಿದಳು. ತಳಕ್ಕೆ ಹೊಡೆಯುವುದನ್ನು ಮರೆತಳು. ಗಿರಣಿಯ ಗೀರು ಹಾಗೇ ಉಳಿಯಿತು. ಕುರ್ಚಿ ಯಾರ ಮನೆಯದೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮನೆಯವರಿಗೆ ಹುಳ ಹಿಡಿದಿತ್ತು ಎಂದು ಹೇಳಿ ಕಳಿಸಿದರು.

ಹದಿನೈದು ದಿನದ ಹಿಂದೆ ಅವಳು ಬೆರಳಿಂದ ಸವರಿ ಕಳ್ಳನ ಕೆಲಸ ಎಂದು ಬರೆದದ್ದು ತನ್ನದೇ ಕೈಕೆಲಸವನ್ನು.

ಠಾಣೆಯಲ್ಲಿ ಮೌಲಾಸಾಬರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಪಟ್ಟಿ ಮಾಡಿದವಳು ನಿಮ್ಮ ಮೇಡಮ್ಮೇ, ಕೇಳಿ ನೋಡಿರಿ. ಅವರು ಹೇಳಲಿಲ್ಲ. ಹೇಳಿದ್ದರೆ ಮರುದಿನದಿಂದ ಅವಳ ಸಹಿಗೆ ಬೆಲೆ ಇರುತ್ತಿರಲಿಲ್ಲ. ಕೇಳಬ್ಯಾಡ ಎಂದು ಹೆಂಡತಿಗೆ ಆಣೆ ಹಾಕಿಸಿದ್ದೂ ಅದಕ್ಕೇ.

"ಗೊತ್ತಾತೇನು," ಕುತುಬುದ್ದೀನನ ದನಿ ಮೊದಲಿನಷ್ಟೇ ಮೆತ್ತಗಿತ್ತು, "ಎಡಚಿ?"

ಅವಳು ತಲೆ ಎತ್ತಿದಳು. ಆ ಹೆಸರು ಆ ಅಂಗಡಿಯ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

"ನಮ್ಮಪ್ಪನ ಕೂಡ ಕುರ್ಚಿ ಒಯ್ಯಾಕ ಬಂದಿದ್ದೆ," ಎಂದ ಅವನು. "ಹದಿನೇಳೋ ಹದಿನೆಂಟೋ ನನಗ. ಮೂಲ್ಯಾಗ ಒಂದು ಹುಡುಗಿ ಅಳಕೋತ ಪಾಲಿಶ್ ಹಚ್ಚಾಕತ್ತಿತ್ತು. ಏ ಎಡಚಿ, ಸಾಕು ಬಿಡ ಅಂದ್ರು ಮೌಲಾಸಾಬ. ಮರ್ತಿಲ್ಲ ನಾ."

"ಅದಕ್ಕ ನನ್ನನ್ನ ಕರಸಿದ್ರಿ."

"ಕಂಪನಿಯವ್ರಿಗೆ ಹೆಸರು ಹೇಳಿ ಕೇಳ್ಕೊಂಡೆ. ಭಾಳ ಹೆಸರ ಮಾಡೀರಿ ಬಿಡ್ರಿ." ಅವನು ಗೋಡೆಗೊರಗಿ ಕೂತ. "ಹೋದ ವರ್ಷ ಒಬ್ಬ ಗಿರಾಕಿ ಬಂದಿದ್ದ, ಹುಬ್ಬಳ್ಳಿ ಕಡೆಯಾಂವ. ನಾಲ್ಕೂವರೆ ಕೊಡ್ತೀನಿ ಅಂತ ಮಾತಾಗಿತ್ತು. ಬೋರಲ ಹಾಕಿ ನೋಡಿದ. ಮುಂದಿನ ಪಟ್ಟಿ ಹೊಸದೈತಿ, ಎರಡಕ್ಕ ಬೇಕಾದ್ರ ಕೊಡು ಅಂದ. ನಿಮ್ಮ ಒಂದು ಬೆರಳಿನ ತಪ್ಪಿಗೆ ನಂದು ಎರಡೂವರೆ ಲಕ್ಷ ಹೋತು. ಅದನ್ನ ಈಗ ವಿಮೆಯಾಗ, ನಿಮ್ಮ ಕೈಯಿಂದನ ತಗೋಳಾಕತ್ತೀನಿ. ಅನ್ಯಾಯ ಏನೈತ್ರಿ ಇದರಾಗ?"

"ಬೋರಲ ಹಾಕಿ ನೋಡಿದ ಅಂದ್ರಿ."

"ಹೂಂ?"

"ಯಜಮಾನ ಇನ್ನೂ ಜೀವಂತ ಇದ್ದಾನಲ್ರಿ."

ಕುತುಬುದ್ದೀನ ನಕ್ಕ. ಪದ್ಧತಿ ಸುಳ್ಳಲ್ಲ, ಅಪ್ಪನ ಕಾಲದಲ್ಲಿ ಇತ್ತು ಎಂದ. ಬೇಕಾದಾಗ ಇರುತ್ತದೆ ಎಂದೂ ಹೇಳಿದ.

"ಒಬ್ಬ ಮುದುಕ ಜೇಲಿಗೆ ಹೊಂಟಾನ್ರಿ."

"ಜಾಮೀನು ಸಿಗತೈತಿ. ಕುರ್ಚಿ ಸಿಗದಿದ್ರ ಕೇಸು ತನ್ನಷ್ಟಕ್ಕ ಸಾಯತೈತಿ. ನೀವು ಸುಮ್ಮನಿದ್ರ ಆತು. ಬಾಯಿ ತಗದ್ರೋ, ಜನ ಎರಡರಾಗ ಒಂದು ಅಂತಾರ. ಈಕಿಗೆ ತನ್ನ ಕೆಲಸ ತನಗ ಗುರ್ತು ಸಿಗಲಿಲ್ಲ, ಮಂದಿ ಸಾಮಾನು ಏನ್ ನೋಡ್ತಾಳ ಅಂತಾರ. ಇಲ್ಲಂದ್ರ ಗುರು ಶಿಷ್ಯಾ ಕೂಡಿ ಆಟ ಹೂಡ್ಯಾರ ಅಂತಾರ. ನೀವು ಹೇಳ್ರಿ, ಯಾವುದು ಚಲೋ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಕಷ್ಟವಾಗಿತ್ತು. ಹನ್ನೆರಡು ವರ್ಷದಲ್ಲಿ ಅವಳು ಕೊಟ್ಟ ವರದಿ ಮುನ್ನೂರು ಮೀರಿತ್ತು. ಪ್ರತಿಯೊಂದನ್ನೂ ಯಾರಾದರೂ ತೆಗೆದು ಕೇಳುತ್ತಾರೆ. ಇದನ್ನು ಬೋರಲು ಹಾಕಿದ್ದಿರೇನು?

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಲು ಐದು ನಿಮಿಷ.

ಜಬೀನ ಚೀಲದಿಂದ ಬಿಳಿ ಹಾಳೆ ತೆಗೆದಳು. ಬೋರಲು ಬಿದ್ದ ಕುರ್ಚಿಯ ಪಕ್ಕದಲ್ಲಿ ಚಾಪೆಯ ಮೇಲೇ ಕೂತು ಬರೆಯತೊಡಗಿದಳು. ಈ ಸಲ ಎಡಗೈಯನ್ನು ಯಾರಿಂದಲೂ ಮುಚ್ಚಿಡಲಿಲ್ಲ.

'ನನ್ನ ಹಿಂದಿನ ವರದಿ ತಪ್ಪು. ಕುರ್ಚಿಯನ್ನು ಬೋರಲು ಹಾಕಿ ನೋಡದೆ ಬರೆದದ್ದು. ಕುರ್ಚಿ ಅಸಲಿ, ಬದಲಾಗಿಲ್ಲ. ಮುಂದಿನ ಪಟ್ಟಿ ಮಾತ್ರ ಇಪ್ಪತ್ನಾಲ್ಕು ವರ್ಷ ಹಿಂದಿನದು. ಅದನ್ನು ಮಾಡಿದವಳು ನಾನು.'

ಕೊನೆಯ ವಾಕ್ಯ ಬರೆಯಲು ಮೊದಲಿನ ನಾಲ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಕೆಳಗೆ ಸಹಿ ಹಾಕಿದಳು, ತಾರೀಖು ಹಾಕಿದಳು, ವೇಳೆಯನ್ನೂ ಹಾಕಿದಳು.

"ಕೊಡಾಂಗಿಲ್ಲ ನೀವು ಅದನ್ನ," ಎಂದ ಕುತುಬುದ್ದೀನ. ಆದರೆ ಅವನೀಗ ಗೋಡೆಗೆ ಒರಗಿರಲಿಲ್ಲ.

ಅವಳು ಠಾಣೆಯ ಸಬ್‌ಇನ್‌ಸ್ಪೆಕ್ಟರ್ ದುರ್ಗೇಶನಿಗೆ ಫೋನು ಮಾಡಿದಳು. ಇಬ್ಬರಿಗೂ ಕೇಳಲಿ ಎಂದು ಸ್ಪೀಕರ್ ಹಚ್ಚಿ ಚಾಪೆಯ ಮೇಲಿಟ್ಟಳು. ಒಂದೇ ರಿಂಗಿಗೆ ದುರ್ಗೇಶ ಎತ್ತಿದ.

"ನೂರು ವರ್ಷ ಆಯುಷ್ಯ ನೋಡ್ರಿ ಮೇಡಂ, ಈಗ ನಿಮಗ ಮಾಡವಿದ್ದೆ."

"ಸಾಹೇಬ್ರ, ನನ್ನ ವರದಿ..."

"ನಿಮ್ಮ ವರದಿ ಹಂಡ್ರೆಡ್ ಪರ್ಸೆಂಟ್ ಖರೇ ಆತ್ರಿ! ಮೌಲಾಸಾಬ ಅರ್ಧ ತಾಸಿನ ಹಿಂದನ ಬಂದ. ಒಂದ ಏಟಿಲ್ಲ, ಬೈಗಳಿಲ್ಲ, ಕುಂತು ಎಲ್ಲಾ ಒಪ್ಕೊಂಡ. ನಕಲು ಮಾಡಿ ಕೊಟ್ಟದ್ದು ನಾನ ಅಂತ ಸಹಿ ಮಾಡ್ಯಾನ. ಅಷ್ಟ ಅಲ್ರಿ, ಅಸಲಿ ಕುರ್ಚಿನೂ ಟಂಟಂ ಗಾಡ್ಯಾಗ ಹೇರ್ಕೊಂಡು ಬಂದಾನ!"



ಕುತುಬುದ್ದೀನ ಎದ್ದು ನಿಂತಿದ್ದ. ಅಸಲಿ ಕುರ್ಚಿ ಅವನ ಕಾಲ ಬುಡದಲ್ಲೇ ಬೋರಲು ಬಿದ್ದಿತ್ತು. ಇನ್ನೊಂದು ಇಲ್ಲ, ಇರಲು ಸಾಧ್ಯವಿಲ್ಲ ಎಂಬುದು ಈ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ಅವನು. ಗೊತ್ತು ಎಂದು ಹೇಳಲಾಗದವನೂ ಅವನೇ.

"ಎಷ್ಟು ಹಳೇದ್ರಿ ಮೇಡಂ ಅದು! ಮುಟ್ಟಿದ್ರ ತಿಳೀತೈತಿ. ಕರ್ರಗ, ಮಿರಿಮಿರಿ. ನನಗೂ ಗೊತ್ತಾಗತೈತಿ ಅಸಲಿ ಅಂತ," ದುರ್ಗೇಶನ ಉತ್ಸಾಹ ನಿಲ್ಲಲಿಲ್ಲ. "ನೀವು ಬಂದು ಇದು ಅಸಲಿ ಅಂತ ಒಂದು ಸಹಿ ಹೊಡದ್ರ ಮುಗೀತು. ನಾಳೆ ಮುಂಜಾನೆ ಆರೋಪಿನ ಕೋರ್ಟಿಗೆ ಕೊಡ್ತೀನಿ."

ಕರಿ ಚಹಾದ ಪಾತ್ರೆ. ಸಿರ್ಕಾದಲ್ಲಿ ನೆನೆಯುತ್ತಿದ್ದ ತುಕ್ಕು ಮೊಳೆ. ಹೊಸ ಕೊಯ್ತದ ಬೀಟೆಗೆ ನೂರು ವರ್ಷದ ಕಪ್ಪು ಬರಿಸುವ ಬಣ್ಣ ಅದು. ಆ ಪಾಕವನ್ನು ಅವಳಿಗೆ ಹೇಳಿಕೊಟ್ಟದ್ದೂ ಉಸ್ತಾದರೇ, ನಕಲು ಹಿಡಿಯಲೆಂದು. ಧೂಳು ಹಿಡಿದು ನಿಂತ ಮಗ್ಗ, ಒಳಗಿನ ಗರಗಸದ ಸದ್ದು ಹೊರಗಿನವರಿಗೆ ಮಗ್ಗದ ಸದ್ದಿನಲ್ಲಿ ಸೇರಿಹೋಗುವ ಓಣಿ. ಮೂಲೆಯಲ್ಲಿ ಇಲ್ಲದ ಬೀಟೆಯ ಮಂಚ.

ಅಸಲಿ ಕುರ್ಚಿ ಎಲ್ಲಿದೆ ಹೇಳಿರಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಿದ್ದಳು. ಅವರು ಚೆನ್ನಾಗಿ ಕೇಳಿಸಿಕೊಂಡಿದ್ದರು. ಇಲ್ಲದ ಕುರ್ಚಿಯನ್ನು ಎಂಟು ಬೆರಳಿನಲ್ಲಿ ಮಾಡಿ ತಂದಿದ್ದರು, ಅವಳ ವರದಿ ಸುಳ್ಳಾಗದಿರಲೆಂದು.

ಎಡಗೈಯಲ್ಲಿ ಹಿಡಿದ ಹಾಳೆಯನ್ನು ಈಗ ಠಾಣೆಗೆ ಕೊಟ್ಟರೆ ಕಳವಿನ ಕೇಸು ಬಿದ್ದುಹೋಗುತ್ತದೆ. ಅದೇ ಗಳಿಗೆಗೆ, ಪೊಲೀಸರಿಗೆ ಸುಳ್ಳು ಸಾಕ್ಷ್ಯ ತಯಾರಿಸಿ ಕೊಟ್ಟ ಕೇಸು ಎದ್ದು ನಿಲ್ಲುತ್ತದೆ. ಮೊದಲನೆಯದು ಅವರು ಮಾಡದ ತಪ್ಪು. ಎರಡನೆಯದು ಮಾಡಿದ್ದು.

"ಮೇಡಂ? ಲೈನ್ ಐತ್ರಿ?"

"ಐತ್ರಿ."

"ಮುದುಕ ನಿಮ್ಮ ಕೂಡ ಒಂದ ಮಾತ ಆಡಬೇಕಂತಾನ. ಕೊಡ್ಲೇನು?"

ಅವಳು ಹೂಂ ಎಂದದ್ದು ಅತ್ತ ಕೇಳಿಸಿತೋ ಇಲ್ಲವೋ. ಫೋನು ಕೈ ಬದಲಾಯಿಸಿದ ಸದ್ದು ಬಂತು. ಆಮೇಲೆ ಉಸಿರು. ಆಮೇಲೆ, ರಂದಾ ಹೊಡೆಯುತ್ತ ಪಾಠ ಹೇಳುವಾಗ ಇರುತ್ತಿದ್ದಂಥದೇ ಸಮಾಧಾನದ ದನಿ.

"ಬೇಟಿ, ಲಗೂನ ಬಾ. ಕೈ ಹಾಕಿ ನೋಡು, ಕುಂತು ನೋಡು, ಎಷ್ಟ ಬೇಕಾದ್ರೂ ಬೆಲಿ ಬರಿ." ದನಿ ತಗ್ಗಿತು. "ಬೋರಲ ಮಾತ್ರ ಹಾಕಬ್ಯಾಡ."